ಚೀಟಿಯ ಕೊನೆಯ ಸಾಲು

ಅಥಣಿಯಲ್ಲಿ ಆಗ ಭಾನುವಾರ ಬೆಳಿಗ್ಗೆ ರೈತರೇ ತಂದು ಮಾರುವ ಸಣ್ಣದೊಂದು ಸಂತೆ ಸೇರುತ್ತಿತ್ತು. ಎರಡು ಸಾವಿರದ ಹತ್ತರ ಆಚೀಚೆ ನಾನೂ ಅಲ್ಲಿ ಚಾಪೆ ಹಾಸಿ ಕೂತಿದ್ದೇನೆ. ಮಾರುತ್ತಿದ್ದದ್ದು ಒಂದು ಹೊತ್ತಿನ ಊಟದ ಪೊಟ್ಟಣ. ಉಪ್ಪು ಖಾರ ಬೆರೆಸಿದ ಕಡಲೆಹಿಟ್ಟು, ಬೇರೆ ಕಾಗದದ ಮಡಿಕೆಯಲ್ಲಿ ಒಗ್ಗರಣೆಯ ಸಾಮಾನು, ಎರಡು ಕಡಕ್ ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಒಗ್ಗರಣೆಗೆ ನೀರು ಹಾಕಿ ಕುದಿಸಿ ಹಿಟ್ಟು ತಿರುವಿದರೆ ಝುಣಕ ತಯಾರು. ವರ್ಗವಾಗಿ ಬಂದು ಒಬ್ಬೊಬ್ಬರೇ ಇರುವ ನೌಕರರು ಕೊಳ್ಳುತ್ತಾರೆಂದು ಅಂದುಕೊಂಡಿದ್ದೆ.

ನಮ್ಮದು ಜೈನರ ಮನೆ. ಬೆಳ್ಳುಳ್ಳಿ ಹೊಸ್ತಿಲು ದಾಟಿದ್ದೇ ಇಲ್ಲ. ಅತ್ತೆ ಒಪ್ಪಿದ್ದು ಒಂದೇ ಮಾತಿನ ಮೇಲೆ. "ನಾವು ಉಣ್ಣದ್ದನ್ನ ಮಂದಿಗೆ ಮಾರೂದು ಬ್ಯಾಡ ನೋಡವಾ."

ಪ್ರತಿ ಪೊಟ್ಟಣಕ್ಕೂ ನಾನೊಂದು ಚೀಟಿ ಕಟ್ಟುತ್ತಿದ್ದೆ. ನಾನು ಓದಿದ ಕಾನ್ವೆಂಟಿನ ರೂಢಿಯಂತೆ ಕೆಂಪು ಶಾಯಿಯ ಮಾರ್ಜಿನ್, ದುಂಡಗಿನ ಅಕ್ಷರದಲ್ಲಿ ಒಳಗೆ ಏನೇನಿದೆ ಎಂಬ ಪಟ್ಟಿ. ಬ್ಯಾಂಕಿನ ಗುಮಾಸ್ತರೊಬ್ಬರು ಅದನ್ನು ಪೂರ್ತಿ ಓದಿದರು. "ಬಳ್ಳೊಳ್ಳಿ ಇಲ್ಲದ ಝುಣಕಾ ಅಂದ್ರ ದವಾಖಾನಿ ಊಟ ಆತಲ್ರಿ ಬಾಯಾರ" ಎಂದು ನಕ್ಕು ಪೊಟ್ಟಣವನ್ನು ಇದ್ದಲ್ಲೇ ಇಟ್ಟರು.

ಪಕ್ಕದ ಚಾಪೆಯಲ್ಲಿ ಕೊಕಟನೂರಿನ ಹೆಂಗಸೊಬ್ಬಳು ಬೆಳ್ಳುಳ್ಳಿಯನ್ನೇ ಮಾರುತ್ತಿದ್ದಳು. "ನಂದೊಂದ ನಾಕ ಎಸಳ ಒಗೀರಿ ವೈನಿ, ಗಿರಾಕಿ ಓಡಿ ಬರ್ತಾವ" ಎಂದಳು.

"ನಮ್ಮ ಅತ್ತಿ ನನ್ನನ್ನ ಒಗೀತಾರ."

"ಒಗೀಲಿ ಬಿಡ್ರಿ, ಇಬ್ರೂ ಇಲ್ಲೇ ಕುಂದ್ರೂಣು."

ಮೂರು ವಾರ ಪೊಟ್ಟಣಗಳು ಹಾಗೇ ಮನೆಗೆ ಬಂದವು, ಮನೆಮಂದಿಯೆಲ್ಲ ಝುಣಕ ಉಂಡೆವು. "ಇನ್ನೊಂದ ವಾರ ನೋಡಿ ಬಿಟ್ಟಬಿಡು" ಎಂದರು ಅತ್ತೆ. ನನಗೆ ಬಿಡುವುದು ಬೇಡವಾಗಿತ್ತು. ಮದುವೆಯಾದ ಮೇಲೆ ನಾನೇ ಶುರುಮಾಡಿದ ಕೆಲಸ ಅದೊಂದೇ.

ಮಂಡಿನೋವಿನಿಂದ ಅತ್ತೆ ಮಾಳಿಗೆ ಹತ್ತುತ್ತಿರಲಿಲ್ಲ. ಪಕ್ಕದವಳ ಹತ್ತಿರ ಬೆಳ್ಳುಳ್ಳಿ ಕೊಂಡು ತಂದು, ಎಸಳು ಹೆಚ್ಚಿ ಅಲ್ಲಿ ಹಳೆ ಪೇಪರಿನ ಮೇಲೆ ಒಣಗಿಸಿದೆ. ಅಲ್ಲಿಯೇ ಕೂತು ಮಡಿಕೆಗಳಿಗೆ ತುಂಬಿದೆ. ಚೀಟಿಯ ಕೊನೆಯ ಸಾಲಿನಲ್ಲಿ ಬೆಳ್ಳುಳ್ಳಿ ಎಂದು ಬರೆದೆ. ಸುಳ್ಳು ಬರೆಯಬಾರದೆಂದು ಸಿಸ್ಟರ್‌ಗಳು ಕಲಿಸಿದ್ದರು. ಸಣ್ಣಗೆ ಬರೆಯಬಹುದೆಂದು ನಾನೇ ಕಲಿತೆ. ಪೊಟ್ಟಣಗಳು ಹತ್ತು ಗಂಟೆಯೊಳಗೆ ಖಾಲಿಯಾಗತೊಡಗಿದವು. ಅತ್ತೆ, "ಮಂದಿಗೆ ರುಚಿ ಹತ್ತೈತಿ" ಎಂದು ಸಂತೋಷಪಟ್ಟರು.

ಕಾಗವಾಡದ ಒಬ್ಬ ವಯಸ್ಸಾದ ಆಯಿ ತಿಂಗಳಿಗೊಮ್ಮೆ ಅಥಣಿಯ ಬಸದಿಗೆ ಬರುತ್ತಿದ್ದರು. ಅವರೂ ಜೈನರೇ, ಅತ್ತೆಯ ಪರಿಚಯದವರು. "ನಿಮ್ಮ ಮನೀದಂದ್ರ ನೋಡೂದೇನೈತಿ" ಎಂದು ಎರಡು ಪೊಟ್ಟಣ ಚೀಲಕ್ಕೆ ಹಾಕಿಕೊಂಡು ಹೋಗುವುದು ಅವರ ಪದ್ಧತಿ. ಅವರಿಗೆಂದು ಬೆಳ್ಳುಳ್ಳಿ ಇಲ್ಲದ ಎರಡನ್ನು ನನ್ನ ಕೈಚೀಲದಲ್ಲಿ ಬೇರೆ ಇಡುತ್ತಿದ್ದೆ.

ಒಂದು ಭಾನುವಾರ ನೀರು ಕುಡಿಯಲು ಎದ್ದು ಹೋಗಿ ಬಂದೆ. "ನಿಮ್ಮ ಕಾಗವಾಡದ ಆಯಿ ಬಂದಿದ್ರು, ಎರಡ ಕೊಟ್ಟ ಕಳಿಸೇನಿ" ಎಂದಳು ಪಕ್ಕದವಳು. ಕೈಚೀಲ ನೋಡಿದೆ. ನಾನಿಟ್ಟ ಎರಡೂ ಅಲ್ಲಿಯೇ ಇದ್ದವು.

ಅವನ್ನೇ ಹಿಡಿದು ಬಸ್‌ಸ್ಟ್ಯಾಂಡಿಗೆ ಓಡಿದೆ. ಕಾಗವಾಡದ ಮೇಲೆ ಹೋಗುವ ಮಿರಜಿನ ಬಸ್ಸಿನ ಕಿಟಕಿಯಲ್ಲಿ ಆಯಿ ಕೂತಿದ್ದರು, ತೊಡೆಯ ಮೇಲೆ ಚೀಲ.

"ಆಯಿ, ಅದರಾಗ ಬಳ್ಳೊಳ್ಳಿ ಐತ್ರಿ."

ಅವರು ಒಂದೊಂದಾಗಿ ಎರಡನ್ನೂ ತೆಗೆದರು. ಪೊಟ್ಟಣ ಮುಟ್ಟದೆ ಮೇಲಿನ ದಾರದ ಗಂಟು ಹಿಡಿದು ಕಿಟಕಿಯಿಂದ ಇಳಿಬಿಟ್ಟರು. ನನ್ನ ಕೈಯಲ್ಲಿದ್ದ ಬೇರೆ ಎರಡನ್ನು ತೆಗೆದುಕೊಳ್ಳಲಿಲ್ಲ.

"ನಿಮ್ಮತ್ತಿಗೆ ಗೊತ್ತೈತೇನು?"

"ಇಲ್ರಿ."

"ಹೇಳು." ಬಸ್ಸು ಹೊರಟಿತು.

ನಾನು ಹೇಳುವಾಗ ಅತ್ತೆ ತೊಗರಿಬೇಳೆ ಆರಿಸುತ್ತಿದ್ದರು. ಕೈ ನಿಲ್ಲಲಿಲ್ಲ. "ಆಕಿ ಬಾಯಾಗ ಹೋಗಲಿಲ್ಲ, ಹೌದಲ್ಲೋ?"

"ಇಲ್ರಿ."

"ಎಲ್ಲಿ ಒಣಗಿಸಿದ್ದಿ?"

"ಮಾಳಗಿ ಮ್ಯಾಲ."

"ಮಾಳಗಿ ತೊಳಕೊಂಡ ಬಾ ಹೋಗು."

ನನ್ನ ಸಂತೆ ಮುಗಿಯಿತು ಎಂದುಕೊಂಡೇ ತೊಳೆದೆ. ಮುಂದಿನ ಭಾನುವಾರ ಸಂತೆಗೆ ಹೊರಡಲು ಚಾಪೆ ಸುತ್ತಿದವರು ಅತ್ತೆಯೇ. ಕೋಲೂರಿಕೊಂಡು ನನ್ನ ಜೊತೆ ಬಂದು ಕೂತರು. ಪೊಟ್ಟಣ ಮತ್ತೆ ಮೊದಲಿನಂತೆಯೇ ಇತ್ತು, ಬೆಳ್ಳುಳ್ಳಿ ಇಲ್ಲದೆ. ಯಾರಾದರೂ ಚೀಟಿ ಓದಿ ಮುಖ ಸಿಂಡರಿಸಿದರೆ ಅತ್ತೆ ಪಕ್ಕದ ಚಾಪೆಯತ್ತ ಗದ್ದ ಎತ್ತಿ, "ಅದು ಬೇಕಾದರ ಅಲ್ಲಿ ತಗೋರಿ. ಹಾಕ್ಕೊಳ್ಳೂದು ನಿಮ್ಮನ್ಯಾಗ" ಎನ್ನುತ್ತಿದ್ದರು. ಬೆಳ್ಳುಳ್ಳಿ ಎಂಬ ಶಬ್ದ ಮಾತ್ರ ಅವರ ಬಾಯಿಂದ ಬರಲಿಲ್ಲ. "ನಿಮ್ಮತ್ತಿ ನನಗ ದಲ್ಲಾಳಿ ಆಗ್ಯಾರ್ರಿ ವೈನಿ" ಎಂದು ಪಕ್ಕದವಳು ನಗುತ್ತಿದ್ದಳು. ಎಲ್ಲವೂ ಖಾಲಿಯಾಗುತ್ತಿರಲಿಲ್ಲ, ಅರ್ಧ ಹೋಗುತ್ತಿತ್ತು.

ಆಯಿ ಎರಡು ತಿಂಗಳು ಬಿಟ್ಟು ಬಂದರು. ಅತ್ತೆಯ ಮಂಡಿಯ ಬಗ್ಗೆ ವಿಚಾರಿಸಿದರು, ದ್ರಾಕ್ಷಿ ತೋಟದ ಸುದ್ದಿ ಹೇಳಿದರು. ಆಮೇಲೆ ಒಂದು ಪೊಟ್ಟಣ ಎತ್ತಿ ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದರು. ಇನ್ನೊಂದನ್ನೂ ಮೂಸಿದರು. ಎರಡನ್ನೂ ಚೀಲಕ್ಕೆ ಹಾಕಿಕೊಂಡರು. ಅತ್ತೆ ಬೇರೆ ಕಡೆ ನೋಡುತ್ತಿದ್ದರು.

ನಾನು ಸಂತೆ ಬಿಡುವವರೆಗೂ ಅವರು ಪ್ರತಿ ಸಲ ಬಂದರು, ಪ್ರತಿ ಸಲವೂ ಮೂಸಿದರು. ಪೊಟ್ಟಣ ಅವರ ಮೂಗಿನಿಂದ ಇಳಿದು ಚೀಲ ಸೇರುವವರೆಗೆ ನಾನು ಕಾಯುತ್ತಿದ್ದೆ.