ಕರೆಮ್ಮ ಸುಮ್ಮನಾದ ಹಟ್ಟಿಹಬ್ಬ

ಮಲ್ಲಟದಲ್ಲಿ ಕರೆಮ್ಮನ ಮನೆ ಎಲ್ಲಿ ಎಂದು ಕೇಳುವ ಅಗತ್ಯವೇ ಇಲ್ಲ. ಊರೊಳಗೆ ಕಾಲಿಟ್ಟು ಒಂದು ಗಳಿಗೆ ನಿಂತರೆ ಸಾಕು, ಆಕೆಯ ದನಿಯೇ ದಾರಿ ತೋರಿಸುತ್ತದೆ. ದೇವದುರ್ಗದ ಕಡೆಯ ಹೆಣ್ಣು, ಕುರಿ ಕಾಯುವ ಮನೆಗೆ ಸೊಸೆಯಾಗಿ ಬಂದವಳು. ಎಳೆಗೂಸನ್ನು ಮಡಿಲಿಗೆ ಹಾಕಿ ಗಂಡ ಕಣ್ಣು ಮುಚ್ಚಿದ. ಮೇವಿನ ಜಗಳವೋ ನೀರಿನ ತಕರಾರೋ, ಕೋಲು ಊರಿ ನಿಂತು ಬಾಯಿ ತೆರೆದಳೆಂದರೆ ಎದುರಿನವರು ಧೋತರ ಎತ್ತಿಕೊಂಡು ಹೊರಡಬೇಕು, ಅಂಥ ಗಟ್ಟಿಗಿತ್ತಿ. ಹಾಗೆ ಮಾತಾಡಿ ಮಾತಾಡಿಯೇ ಹಿಂಡು ಉಳಿಸಿದಳು, ಮಗ ದುರುಗೇಶನನ್ನು ಬೆಳೆಸಿದಳು. ಬೆಳೆದ ಮಗ ಹೆಗಲಿಗೆ ಕಂಬಳಿ ಹಾಕಿಕೊಂಡು ಕುರಿಗಳ ಹಿಂದೆ ಹೊರಟಾಗ, ತನ್ನದೇ ಕಣ್ಣು ತಾಗೀತೆಂದು ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಆ ಮಗ ಒಂದು ಸಂಜೆ ಕುರಿಗಳಿಗೆ ಔಷಧ ತರಲು ಪೋತ್ನಾಳಕ್ಕೆ ಹೋದವನು ಬರುವಾಗ, ರಸ್ತೆಯಲ್ಲಿ ದೀಪವಿಲ್ಲದೆ ನಿಂತಿದ್ದ ಟ್ರಾಲಿಗೆ ಬೈಕ್ ಗುದ್ದಿದ. ಹೆಲ್ಮೆಟ್ ಮನೆಯ ಗೂಟಕ್ಕೆ ತೂಗುತ್ತಿತ್ತು. ರಾಯಚೂರಿನಲ್ಲಿ ತಲೆಯ ಆಪರೇಷನ್ ಆಯಿತು, ಜೀವ ಉಳಿಯಿತು. ಆದರೆ ಬಲಗೈ ಬಲಗಾಲು ಸೋತಿದ್ದವು, ಮಾತು ಎಲ್ಲೋ ಸಿಕ್ಕಿಕೊಂಡಿತ್ತು. ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ತಾನು ಹೇಳಹೊರಟರೆ ಮಾತ್ರ ನೀರಿಗೂ 'ಅದು', ರೊಟ್ಟಿಗೂ 'ಅದು'. ಆಪರೇಷನ್ನಿನ ಗಾಯ ಮಾಗಿದ ಮೇಲೆ ಅವನನ್ನು ರಾಯಚೂರಿನದೇ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದರು.

ಅಲ್ಲಿಗೆ ನೋಡಲು ಬಂದ ಯಮನೂರಪ್ಪ ಕರೆಮ್ಮನ ಮೈದುನ, ಊರಿನ ಕುರಿಗಾರರ ಮುಖಂಡ. ಮಗ ಬಿದ್ದಾಗಿನಿಂದ ಹಿಂಡನ್ನು ನೋಡಿಕೊಳ್ಳುತ್ತಿದ್ದವನೂ ಅವನೇ.

"ಅತ್ತಿಗಿ, ದೀಪಾವಳಿ ಹಟ್ಟಿಹಬ್ಬದಾಗ ಎಲ್ಲಾರೂ ಕೂಡ್ತಾರ. ನಮ್ಮ ರೂಢಿ ನಿನಗ ಗೊತ್ತದ," ಎಂದ.

ಗೊತ್ತಿಲ್ಲದೆ ಏನು. ಭತ್ತದ ಕೊಯ್ಲಾದ ಮೇಲೆ ಕುರಿಗಾರರೆಲ್ಲ ಒಟ್ಟಾಗಿ ದೇವದುರ್ಗದ ಕಾಲುವೆ ಹೊಲಗಳಿಗೆ ಹೊರಡುತ್ತಾರೆ. ಅಲ್ಲಿನ ರೈತರಿಗೆ ಕುರಿಗೊಬ್ಬರ ಬೇಕು, ಇವರ ಕುರಿಗಳಿಗೆ ಮೇವು ಬೇಕು. ಹೊರಡುವ ಮುಂಚೆ ಹಟ್ಟಿಹಬ್ಬದ ದಿನ, ಯಾರ ಕುರಿಯೋ ಅವರೇ ಎದ್ದು ನಿಂತು ಬರುತ್ತೇನೆಂದು ತಮ್ಮ ಬಾಯಿಂದಲೇ ಮಾತು ಕೊಡಬೇಕು. ವಯಸ್ಸಿಗೆ ಬಂದ ಗಂಡುಮಗನಿದ್ದ ಮೇಲೆ ಅವನ ಪರವಾಗಿ ಅವ್ವನ ಮಾತು ನಡೆಯುವುದಿಲ್ಲ. ಮಾತು ಕೊಡಲಾಗದವನ ಕುರಿಗಳು ಮುಖಂಡನ ಹಿಂಡಿಗೆ ಸೇರುತ್ತವೆ. ಹುಟ್ಟುವ ಮರಿಗಳ ಕಿವಿಗೆ ಮುಖಂಡನ ಗುರುತೇ ಬೀಳುತ್ತದೆ. ಹಾಗೆ ಸೇರಿದ ಹಿಂಡು ತಿರುಗಿ ಬಂದದ್ದನ್ನು ಕರೆಮ್ಮ ಕಂಡಿರಲಿಲ್ಲ.

"ಅಷ್ಟೊತ್ತಿಗೆ ನನ್ನ ಮಗ ಎದ್ದು ಕೂಗತಾನ, ನೋಡ್ತಿರು," ಎಂದುಬಿಟ್ಟಳು.

ಮಗನನ್ನು ಎಬ್ಬಿಸಲು ಟೊಂಕ ಕಟ್ಟಿದಳು ನೋಡಿ, ಕೇಂದ್ರದವರಿಗೆ ಸಾಕುಸಾಕಾಯಿತು. ನಡಿಗೆ ಕಲಿಸುವ ಉದಯಕುಮಾರ ಅವನನ್ನು ನಿಲ್ಲಿಸಿದರೆ ಈಕೆ ಓಡಿಬಂದು ಕಂಕುಳಿಗೆ ಕೈಹಾಕುವಳು. ಕೈಕೆಲಸ ಕಲಿಸುವ ಲತೀಫಾ ತಟ್ಟೆ ಮುಂದಿಟ್ಟರೆ, ಅವನ ಬೆರಳು ರೊಟ್ಟಿ ಮುಟ್ಟುವಷ್ಟರಲ್ಲಿ ತುತ್ತು ಬಾಯಲ್ಲಿರುತ್ತಿತ್ತು. ಮಾತು ಕಲಿಸುವ ಸ್ವಪ್ನಾಳ ಗತಿ ಕೇಳಲೇಬೇಡಿ.

"ನಿಮ್ಮ ಹೆಸರೇನ್ರಿ?" ಎಂದು ಆಕೆ ದುರುಗೇಶನನ್ನು ಕೇಳಿದರೆ, "ದುರುಗೇಶ ಅಂತ್ರಿ, ನಾನ ಇಟ್ಟಿದ್ದು," ಎಂದು ಕರೆಮ್ಮನ ಉತ್ತರ ಬರುತ್ತಿತ್ತು.

ಸೋಮವಾರಕ್ಕೊಮ್ಮೆ ಕೇಂದ್ರದ ಡಾಕ್ಟರೂ ಈ ಮೂವರೂ ಒಂದೇ ಮೇಜಿನ ಸುತ್ತ ಕೂತು ಪ್ರತಿ ರೋಗಿಯ ವಿಚಾರ ಮಾಡುತ್ತಿದ್ದರು. ಕಾಲಿನದು ಒಬ್ಬರಿಗೆ, ಕೈಯದು ಇನ್ನೊಬ್ಬರಿಗೆ ಎಂದು ಹಂಚಿಕೊಂಡು ಬಿಟ್ಟರೆ ಮನುಷ್ಯ ಇಡಿಯಾಗಿ ಎದ್ದು ನಿಲ್ಲುವುದಿಲ್ಲ ಎಂಬುದು ಅಲ್ಲಿನವರ ನಂಬಿಕೆ. ಆ ಸೋಮವಾರ ಮೂವರೂ ತಮ್ಮ ತಮ್ಮ ತೊಡಕು ಹೇಳಿಕೊಂಡರು. ನೋಡಿದರೆ ಮೂವರೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಕಲ್ಲಿಗೆ ಎಡವಿದ್ದರು, ಆ ಕಲ್ಲು ಕರೆಮ್ಮ. ಆಕೆಯನ್ನು ಒಳಗೆ ಕರೆಸಿದರು.

"ಯವ್ವಾ, ಮಿದುಳಿಗೆ ಪೆಟ್ಟು ಬಿದ್ದು ಹಳೇ ದಾರಿ ಮುಚ್ಚ್ಯಾವ," ಎಂದರು ಡಾಕ್ಟರು. "ಅವನೇ ನಡದು ನಡದು ಹೊಸಾ ದಾರಿ ಬೀಳಬೇಕು. ನೀವು ಹೊತ್ಕೊಂಡು ಹೋದ್ರ ದಾರಿ ಹೆಂಗ ಬೀಳತದ?"

"ನಾ ಹಡದೀನಿ, ನಾ ಉಣಿಸ್ತೀನಿ. ನಿಮಗೇನ್ರಿ ತ್ರಾಸು?" ಎಂದು ಕರೆಮ್ಮ ದಡದಡ ಎದ್ದು ಹೋದಳು.

ಹೋದವಳು ಸಿಟ್ಟಿನಲ್ಲೇ ರೊಟ್ಟಿ ಮುರಿದು ಮಗನ ಬಾಯಿಗೆ ಹಿಡಿದಳು. ಅವನು ಹಲ್ಲು ಕಚ್ಚಿಕೊಂಡ. ಇನ್ನೊಮ್ಮೆ ಹಿಡಿದಳು. ಎಡಗೈಯಿಂದ ಅವಳ ಕೈ ತಳ್ಳಿ, ನಡುಗುವ ಬಲಗೈಯನ್ನು ತಟ್ಟೆಯತ್ತ ಒಯ್ದ. ಚೂರು ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಅದನ್ನೇ ಎತ್ತಿಕೊಳ್ಳಲು ಹೆಣಗಿದ, ಕಣ್ಣಿಂದ ನೀರು ಸುರಿಯುತ್ತಿತ್ತು. ಕೂಸಿನಂತೆ ಉಣ್ಣುವ ನಾಚಿಕೆ ಅವನನ್ನು ಇಷ್ಟು ದಿನ ಒಳಗೊಳಗೇ ಸುಡುತ್ತಿತ್ತೆಂದು ಕರೆಮ್ಮನಿಗೆ ಆಗ ತಿಳಿಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಆ ಮೇಜಿಗೇ ವಾಪಸು ಹೋದಳು.

"ಏನು ಮಾಡಬೇಕು ಹೇಳ್ರಿ," ಎಂದಳು.

"ಏನೂ ಮಾಡಬ್ಯಾಡ್ರಿ. ಅವ್ರು ಮಾತು ಹುಡುಕೋಮುಂದ ಸುಮ್ನ ಕೂಡ್ರಿ, ಅಷ್ಟ ಸಾಕು," ಎಂದಳು ಸ್ವಪ್ನಾ.

ಅಷ್ಟೇ ಅಂತೆ! ಕಲ್ಲು ಹೊರು ಎಂದಿದ್ದರೆ ಹೊರುತ್ತಿದ್ದಳು. ಮಗ 'ಕು... ಕು...' ಎನ್ನುತ್ತ ಒದ್ದಾಡುವಾಗ 'ಕುರಿ' ಎಂಬ ಮಾತು ಆಕೆಯ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಗಟ್ಟಿಯಾಗಿ ಮುಚ್ಚಿಕೊಳ್ಳುವಳು. ಪಾಠ ಮುಗಿದದ್ದೇ ಗೇಟಿನ ಬಳಿ ಚಹಾ ಮಾರುವ ಜಿಲಾನಿ ಪಾಷಾನ ಮುಂದೆ ನಿಂತು, ತಡೆಹಿಡಿದದ್ದನ್ನೆಲ್ಲ ಅವನ ಮೇಲೆ ಸುರಿಯುವಳು.

"ಅಮ್ಮಾ, ನಿನ್ನ ಮಗನ ಪಾಠೆಲ್ಲಾ ನನಗ ಬಾಯಿಪಾಠ ಆಗ್ಯಾದ. ಇನ್ನ ಅವಗ ಬಿಡು," ಎಂದ ಪಾಷಾ ಒಂದು ದಿನ. ಕರೆಮ್ಮನಿಗೆ ಬಹಳ ದಿನದ ಮೇಲೆ ನಗು ಬಂತು.

ಸುಮ್ಮನಿರಲು ಕಲಿತ ಮೇಲೆ ಆಕೆಯನ್ನು ಕೇಂದ್ರದವರೂ ಸೋಮವಾರದ ಮೇಜಿನ ಬಳಿ ತಮ್ಮವಳೆಂದೇ ಕೂರಿಸಿಕೊಂಡರು. ಕುರಿ ಕಾಯುವವನಿಗೆ ಏನೇನು ಬರಬೇಕೆಂದು ಕೇಳಿ ತಿಳಿದು, ಅವನ ಪಾಠವನ್ನೇ ಹೊಸದಾಗಿ ಕಟ್ಟಿದರು. ಉದಯಕುಮಾರ ನುಣುಪು ನೆಲ ಬಿಡಿಸಿ, ಹಿತ್ತಲಿನ ಹೆಂಟೆಮಣ್ಣಿನಲ್ಲಿ ಕೋಲು ಕೊಟ್ಟು ನಡೆಸಿದ. ಲತೀಫಾ ಹಗ್ಗ ತರಿಸಿ, ಮರಿ ಕಟ್ಟುವ ಗಂಟು ಹಾಕಿಸಿದಳು. ಸ್ವಪ್ನಾ ಟಗರು, ಮರಿ, ಮೇವು, ಕಾಲುವೆ ಎಂದು ಒಂದೊಂದೇ ಮಾತು ಹೊರಡಿಸಿದಳು. ಪೆಟ್ಟಿನ ಸಿಟ್ಟು ನೆತ್ತಿಗೇರಿದ ದಿನ ದುರುಗೇಶ ಹಗ್ಗ ಎಸೆದು ಗೋಡೆಗೆ ಮುಖ ಮಾಡುತ್ತಿದ್ದ. ಅದೂ ಪೆಟ್ಟಿನದೇ ಭಾಗ, ಅವನನ್ನು ಬೈಯಬೇಡಿ ಎಂದು ಡಾಕ್ಟರು ಹೇಳಿದ್ದರು. ಮಳೆಗಾಲ ಬರುವಷ್ಟರಲ್ಲಿ ಕೋಲೂರಿ ಮನೆಗೆ ಬಂದ. ಆಮೇಲೂ ತಪ್ಪದೆ ರಾಯಚೂರಿಗೆ ಹೋಗಿಬರುತ್ತಿದ್ದರು.

ಹಟ್ಟಿಹಬ್ಬ ಬಂತು. ಕುರಿಗಳಿಗೆ ಚೆಂಡುಹೂ ಕಟ್ಟಿ ಪೂಜೆಯಾಯಿತು. ಕಂಬಳಿ ಹಾಸಿ ಹಿರಿಯರು ಕೂತರು. ಒಬ್ಬೊಬ್ಬರೇ ಎದ್ದು ಮಾತು ಕೊಟ್ಟರು. ದುರುಗೇಶನ ಸರದಿ ಬಂದಾಗ ಯಮನೂರಪ್ಪ ಮೆತ್ತಗೆ ಹೇಳಿದ:

"ತಮ್ಮಾ, ತ್ರಾಸು ತಗೋಬ್ಯಾಡ. ನಿನ್ನ ಕುರಿ ನನ್ನ ಹಿಂಡಿನಾಗ ಕೂಡಿಸ್ತೀನಿ. ನೀ ಆರಾಮ ಮನಿಯಾಗ ಇರು."

ದುರುಗೇಶ ಎದ್ದು ನಿಂತ. "ಕಕ್ಕಾ... ಕು..." ಎಂದ. ಮುಂದೆ ಬರಲಿಲ್ಲ. ತುಟಿ ಅಲುಗುತ್ತಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಯಾರೋ ಕೆಮ್ಮಿದರು. ಒಬ್ಬೊಬ್ಬರಾಗಿ ಎಲ್ಲರೂ ಕರೆಮ್ಮನತ್ತ ತಿರುಗಿದರು.

"ಅತ್ತಿಗಿ, ನೀನ ಹೇಳಬೇ. ಏನಂತಾನ ಅವ?" ಎಂದ ಯಮನೂರಪ್ಪ. ಪಾಪ, ಕನಿಕರದಿಂದಲೇ ಕೇಳಿದ.

ಕರೆಮ್ಮ ಸೆರಗು ಕಚ್ಚಿಕೊಂಡಿದ್ದಳು. ತಾನು ಆಡಿದರೆ ಹಿಂಡು ಹೋಯಿತು, ಆಡದಿದ್ದರೆ ಮಗ ಹತ್ತು ಜನರ ಮುಂದೆ ಒದ್ದಾಡುವುದನ್ನು ನೋಡಬೇಕು. ಹೆತ್ತ ಹೊಟ್ಟೆ ಕೇಳಬೇಕಲ್ಲ, ಸೆರಗು ಬಾಯಿಂದ ಜಾರಿತು, ತುಟಿ ತೆರೆಯಿತು.

ಅಷ್ಟರಲ್ಲಿ ದುರುಗೇಶ ಆ ಸೋತ ಬಲಗೈಯನ್ನೇ ಎತ್ತಿ ಆಕೆಯತ್ತ ಹಿಡಿದ.

"ಯವ್ವಾ, ನೀ ಸುಮ್ಕಿರು."

ಅವನು ಉಸಿರು ತೆಗೆದುಕೊಂಡ. ಈ ಸಲ ಯಾರೂ ಅವನನ್ನು ಅವಸರಪಡಿಸಲಿಲ್ಲ.

"ಕುರಿ ನನ್ನವು. ದೇವ... ದೇವದುರ್ಗಕ್ಕ ಬರ್ತೀನಿ. ರಸ್ತಿ ದಾಟಾಕ... ನೀ ಜೋಡಿ ಇರು, ಕಕ್ಕಾ."

ಯಮನೂರಪ್ಪ ಕಂಬಳಿಯ ಮೇಲೆ ಸರಿದ. "ಆತು. ಮಾತು ಮುಟ್ಟಿತು," ಎಂದು ಮಗ್ಗುಲಲ್ಲಿ ಜಾಗ ಮಾಡಿಕೊಟ್ಟ. ದುರುಗೇಶ ಹಿರಿಯರ ಸಾಲಿನಲ್ಲಿ ಕೂತ. ಕರೆಮ್ಮನ ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೇ ಹೋಗಲಿಲ್ಲ.

ಹಿಂದೆ ಕೂತಿದ್ದ ಓರಗಿತ್ತಿ ಮೊಣಕೈಯಿಂದ ತಿವಿದಳು. "ಏನಬೇ ಕರೆಮ್ಮ, ಮಂದಿ ಮುಂದ ನಿನ್ನ ಬಾಯಿ ಮುಚ್ಚಿಸಿಬಿಟ್ಟನಲ್ಲ ಮಗ."

ಕರೆಮ್ಮ ತಲೆಯೆತ್ತಿ, ಹಟ್ಟಿಗೆಲ್ಲ ಕೇಳುವಂತೆ ಹೇಳಿದಳು:

"ನನ್ನ ಬಾಯಿ ಮುಚ್ಚಸೋ ಗಂಡಸು ನಿಮ್ಮ ಊರಾಗ ಇರಲಿಲ್ಲ. ನಾನ ಹಡೀಬೇಕಾತು."