ವಾರ್ನಿಷ್ ಕಾಣದ ಗೋಡೆಬೀರು

ಗೆಳೆಯರೇ, ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಹೇಳಿಬಿಡುತ್ತೇನೆ: ಮನೆಮನೆಯಲ್ಲೂ ರೇಷ್ಮೆ ಬೆಳೆಯುವ ಮೇಲೂರಿನಲ್ಲೇ ಹುಟ್ಟಿದರೂ ನನಗೆ ರೇಷ್ಮೆಹುಳು ಕಂಡರೆ ಭಯ. ಸ್ಕೂಲು ಬಿಟ್ಟ ಮೇಲೆ ಮರಗೆಲಸ ಕಲಿತದ್ದೂ ಅದಕ್ಕೇ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇವತ್ತು ದೊಡ್ಡಮ್ಮನ ಹಳೆಯ ಮನೆಯಲ್ಲಿ, ಮಲಗುವ ಕೋಣೆಯ ಗೋಡೆಬೀರುವಿನ ಗೆದ್ದಲು ತಿಂದ ಹಲಗೆಗಳನ್ನು ಕಿತ್ತು ಹೊಸದು ಕೂರಿಸಿದೆ. ಅವರ ಟೇಪ್ ರೆಕಾರ್ಡರ್ ಇಡಲು ಜಾಗವನ್ನೂ ಮಾಡಿದೆ. ವಾರ್ನಿಷ್ ಡಬ್ಬ ತೆಗೆದದ್ದೇ ತಡ, ದೊಡ್ಡಮ್ಮ ಓಡಿ ಬಂದರು.

"ಮುಚ್ಚೋ ಅದನ್ನ! ಪಕ್ಕದ ರೂಮಲ್ಲಿ ಹುಳ ಐತೆ. ಈ ವಾಸನೆಗೆ ಬೆಳೆಯೆಲ್ಲಾ ಹೋಗುತ್ತೆ ಕಣೋ!"

"ಈಗ ಅಲ್ಲಿ ಹುಳ ಇಟ್ಟಿದ್ದೀರ ಅಂತ ಗೊತ್ತಿರ್ಲಿಲ್ಲ ದೊಡ್ಡಮ್ಮ. ಆ ಬಾಗ್ಲು ನಾನು ತೆಗೆಯೋದೇ ಇಲ್ಲ. ಹುಳ ಅಂದ್ರೆ ಭಯ."

"ಅದಕ್ಕೇನೋ ಪ್ರತಿ ಬೆಳೆಗೂ ನೀನು ಮಾಯ ಆಗ್ತಿದ್ದಿದ್ದು? ಬಾರಪ್ಪ, ಇವತ್ತು ಸೊಪ್ಪು ನೀನೇ ಹಾಕು."

ಡಬ್ಬ ಮುಚ್ಚಿ ಕಿಟಕಿಗಳನ್ನೆಲ್ಲ ತೆರೆದೆವು. ಪಕ್ಕದ ರೂಮಿಗೆ ಹೋಗಿ ಹುಳುಗಳ ತಟ್ಟೆಗಳ ಮೇಲೆ ಹಿಪ್ಪುನೇರಳೆ ಸೊಪ್ಪು ಹರಡಿದೆ. ಹುಳುಗಳು ಅಲ್ಲಾಡಲಿಲ್ಲ. ದೊಡ್ಡಮ್ಮನ ಮುಖ ಬಿಳಿಚಿಕೊಂಡಿತು. ಆಮೇಲೆ ಒಂದು ತಲೆ ಎತ್ತಿತು, ಇನ್ನೊಂದು ಎತ್ತಿತು, ಎಲ್ಲವೂ ಚರಚರ ತಿನ್ನತೊಡಗಿದವು. ದೊಡ್ಡಮ್ಮನಿಗಿಂತ ಮೊದಲು ನಾನೇ ಉಸ್ಸೆಂದು ನೆಲದ ಮೇಲೆ ಕೂತೆ.

"ಬೀರು ಹಂಗೇ ಇರ್ಲಿ. ಹುಳ ಗೂಡು ಕಟ್ಟಿ, ಅದನ್ನ ಬಿಡಿಸಿದ ಮೇಲೆ ಬಂದು ವಾರ್ನಿಷ್ ಹೊಡಿ," ಎಂದರು.

ಭಯ ಹೋಯಿತು ಎಂದರೆ ಸುಳ್ಳಾಗುತ್ತದೆ. ಸೊಪ್ಪು ತಿನ್ನುವಾಗ ಮಾತ್ರ ಹುಳುಗಳನ್ನು ನೋಡಬಲ್ಲೆ, ಅಷ್ಟೇ. ನಾಳೆ ಬೆಳಿಗ್ಗೆ ಗೌರಿಬಿದನೂರಿಗೆ ಕೆಲಸಕ್ಕೆ ಹೊರಡುತ್ತೇನೆ; ಗೂಡು ಬಿಡಿಸಿದ ಮೇಲೆ ವಾರ್ನಿಷ್ ಹೊಡೆಯಲು ವಾಪಸ್ ಬರುತ್ತೇನೆ.