ಬೂಖೆ ಮರಕ್ಕೆ ಕಟ್ಟಿದ ಕಟ್ಟೆ

ನ್ಯೂರೆಂಬರ್ಗ್‌ನ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ಒಂದು ದೊಡ್ಡ ಮರವಿದೆ. ಅದರ ಕೊಂಬೆಗಳು ಮಗಳ ಕೋಣೆಯ ಮೇಲೆ ಚಾಚಿಕೊಂಡಿವೆ. ಬೇಸಿಗೆಯ ನಡುಮಧ್ಯಾಹ್ನವೂ ಅದರಡಿ ಬಿಸಿಲು ಇಳಿಯದು. ಇಂಥ ನೆರಳು ಕಂಡರೆ ಮೈಸೂರಿನವರ ಕೈ ಸುಮ್ಮನಿರುತ್ತದೆಯೇ? ನಮ್ಮವರು ಶನಿವಾರ ಶನಿವಾರ ಕಲ್ಲು ಹೊತ್ತು ತಂದು, ಅರಳಿಮರಕ್ಕೆ ಕಟ್ಟುವ ಹಾಗೆ ಸುತ್ತ ಕಟ್ಟೆ ಕಟ್ಟಿದರು. ಒಳಗೆ ಮೊಣಕಾಲೆತ್ತರ ಮಣ್ಣು ತುಂಬಿದರು. ಆಮೇಲೆ ಸಂಜೆಯ ಕಾಫಿ ಅಲ್ಲೇ, ಬಟಾಣಿ ಸುಲಿಯುವುದೂ ಅಲ್ಲೇ.

ಎರಡು ಬೇಸಿಗೆ ಕಳೆದ ಮೇಲೆ, ಜೂನ್‌ನಲ್ಲಿ ಒಂದು ದಿನ ಬಟ್ಟೆ ಒಣಹಾಕಿ ತಲೆಯೆತ್ತಿದೆ. ಮರದ ನೆತ್ತಿಯ ಎಲೆಗಳು ಚಿಕ್ಕವಾಗಿದ್ದವು. ನಡುನಡುವೆ ಆಕಾಶ ಕಾಣುತ್ತಿತ್ತು. 

ಬೇಲಿಯಾಚೆ ಗುಲಾಬಿ ಗಿಡ ಸವರುತ್ತಿದ್ದ ಪಕ್ಕದ ಮನೆಯ ಅಜ್ಜಿ ನಾನು ನೋಡುತ್ತಿದ್ದ ಕಡೆಗೇ ನೋಡಿದರು. "ಅದು ಬೂಖೆ. ಅದರ ಬೇರು ಮೇಲುಮೇಲೇ ಇರುತ್ತೆ. ಮಣ್ಣು ಹೇರಿದರೆ ಉಸಿರುಗಟ್ಟುತ್ತೆ. ಒಣಗಿದ ಕೊಂಬೆ ಗಾಳಿಯಿಲ್ಲದಾಗಲೂ ಬೀಳುತ್ತೆ," ಎಂದರು ಜರ್ಮನ್‌ನಲ್ಲಿ. ಬೂಖೆ ಅಂದರೆ ಇಂಗ್ಲಿಷಿನ ಬೀಚ್ ಮರ.

ಒಳಗೆ ಓಡಿ ನಮ್ಮವರಿಗೆ ಹೇಳಿದೆ.

"ಬೂಖೆ ಅಲ್ಲ ಕಣೇ, ಹೈನ್‌ಬೂಖೆ. ಮನೆ ಮಾರಿದವರೇ ಹೇಳಿದ್ರು. ಹೆಸರಷ್ಟೇ ಹತ್ತಿರ, ಮರವೇ ಬೇರೆ. ಅದು ಗಟ್ಟಿಪಿಂಡ, ಏನೂ ಆಗಲ್ಲ."

ಹಾಗೇ ಆಗಿರಲಪ್ಪಾ ಎಂದುಕೊಂಡು ಹೋಗಿ ಎಲೆ ಕಿತ್ತು ನೋಡಿದೆ. ಹೈನ್‌ಬೂಖೆಯ ಎಲೆಗೆ ಗರಗಸದಂಥ ಹಲ್ಲಿರುತ್ತದೆ, ಕಾಂಡ ನರ ಉಬ್ಬಿದ ತೋಳಿನಂತೆ ಏರುಪೇರಾಗಿರುತ್ತದೆ. ಅಷ್ಟು ನನಗೂ ಗೊತ್ತಿತ್ತು. ಈ ಎಲೆಯ ಅಂಚಿನಲ್ಲಿ ಹಲ್ಲಿರಲಿಲ್ಲ. ಬರೀ ಅಲೆ, ಅದರ ಮೇಲೆ ರೇಷ್ಮೆಯಂಥ ಕೂದಲು. ಕಾಂಡ ಆನೆಯ ಕಾಲಿನ ಬಣ್ಣದ್ದು, ಕೈಯಾಡಿಸಿದರೆ ನುಣ್ಣಗೆ. ಬೂಖೆಯೇ.

ಮಗಳ ಹಾಸಿಗೆಯನ್ನು ಹಾಲ್‌ಗೆ ಎಳೆದು ತಂದೆ. "ವಾರುಮ್, ಅಮ್ಮಾ?" ಎಂದು ಅವಳು ಕಾರಣ ಕೇಳಿದಳು. "ಸೆಕೆ" ಎಂದೆ.

ಆ ಭಾನುವಾರ ಕಟ್ಟೆ ಬಿಚ್ಚಲು ಕೂತೆವು.

"ಮರಕ್ಕೆ ಕಟ್ಟೆ ಕಟ್ಟಿದ್ರೆ ಪುಣ್ಯ ಅಂತಾರೆ, ನೀನು ಒಡೆಸ್ತಿದ್ದೀಯ," ಎಂದು ನಮ್ಮವರು ಗೊಣಗಿದರು.

"ಪುಣ್ಯ ನಿಮ್ಮ ಮೇಲೆ ಬರ್ಲಿ ರೀ. ಕೊಂಬೆ ಯಾರ ಮೇಲೆ ಬರುತ್ತೆ ಹೇಳಿ?"

ಸಲಿಕೆ ತಗುಲಿದರೆ ತೊಗಟೆ ಗಾಯವಾದೀತೆಂದು ಕೈಯಿಂದಲೇ ಮಣ್ಣು ಬಗೆದೆವು. ಬುಡದ ತೊಗಟೆ ಕಪ್ಪಗೆ ಒದ್ದೆಯಾಗಿತ್ತು. ಮನೆಯ ಕಡೆಗಿದ್ದ ಒಂದು ಜಾಗದಲ್ಲಿ ಹೆಬ್ಬೆರಳು ಒತ್ತಿದರೆ ಒಳಗೇ ಹೋಯಿತು. ಕೈ ಹಿಂದಕ್ಕೆಳೆದುಕೊಂಡೆ.

ಮರ ಪರೀಕ್ಷಿಸುವವರು ಬಂದು ಸುತ್ತಿಗೆಯಿಂದ ತಟ್ಟಿ ನೋಡಿದರು. ನಿಲ್ಲುವಷ್ಟು ಗಟ್ಟಿಯಿದೆ, ಉಳಿಯುತ್ತದೋ ಇಲ್ಲವೋ ಚಿಗುರುವಾಗ ಗೊತ್ತಾಗುತ್ತದೆ ಎಂದರು.

ಚಳಿಗಾಲವಿಡೀ ಗಾಳಿ ಬೀಸಿದಾಗಲೆಲ್ಲ ಕೈಲಿದ್ದ ಕೆಲಸ ನಿಂತುಹೋಗುತ್ತಿತ್ತು. ಕೆಳಗಿನ ಕೊಂಬೆ ಬಗ್ಗಿಸಿ ನೋಡಿದರೆ ಮೊಗ್ಗುಗಳು ಉದ್ದಕ್ಕೆ, ಮುಳ್ಳಿನಷ್ಟು ಚೂಪಾಗಿದ್ದವು. ಜೀವವಿತ್ತು. ನೆತ್ತಿಯದು ಕೈಗೆಟುಕುವಂತಿರಲಿಲ್ಲ.

ಮೇ ತಿಂಗಳಲ್ಲಿ ನೆತ್ತಿಯೂ ಹಸಿರಾಯಿತು, ಮಗಳ ಕೋಣೆಯ ಮೇಲಿನ ಒಂದೇ ಕೊಂಬೆ ಬಿಟ್ಟು. ಮರ ಕಡಿಯುವವರು ಹಗ್ಗ ಕಟ್ಟಿಕೊಂಡು ಹತ್ತಿ ಆ ಒಣಕೊಂಬೆಯನ್ನು ತುಂಡು ತುಂಡಾಗಿ ಇಳಿಸಿದರು.

ಅಂದು ಮಧ್ಯಾಹ್ನವೇ ಮಗಳು ದಿಂಬು ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ನಾನು ಬೇಡ ಎನ್ನಲಿಲ್ಲ. ಅವಳ ಹಿಂದೆಯೇ ಹೋಗಿ ಮಂಚವನ್ನು ಮರದಿಂದ ದೂರವಿದ್ದ ಆಚೆ ಗೋಡೆಗೆ ತಳ್ಳಿ ಬಂದೆ.